ಇಂಗ್ಲೆಂಡಿನ ದನಗಳ ಟಿಬಿ, ಬ್ಯಾಡ್ಜರ್ ಬೇಟೆ: ಒಳಗಿನ ವಿಷಯ ಗೊತ್ತಿರುವವರು ಬಿಡಿಸಿ ಹೇಳ್ತೀರಾ?

ಸುಧಾ_ಡೆವನ್

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಬ್ಯಾಡ್ಜರ್ ಕೊಲ್ಲುವುದನ್ನು ಈ ಸಂಸತ್ತಿನ ಅವಧಿ ಮುಗಿಯುವುದರೊಳಗೆ ನಿಲ್ಲಿಸುತ್ತೇವೆ ಅಂತ ಸರ್ಕಾರ 2024ರ ಆಗಸ್ಟ್‌ನಲ್ಲಿ ಹೇಳಿತು. ಅವತ್ತಿನಿಂದ ನಮ್ಮ ಹಳ್ಳಿಯಲ್ಲಿ ಇದೇ ಮಾತು. ಸುತ್ತಮುತ್ತ ಎಲ್ಲ ಹಾಲಿನ ದನ ಸಾಕುವವರೇ. ನಾವು ಹಾಲು ತರುವ ಮನೆಯವರ ಹಿಂಡಿನಲ್ಲಿ ಟಿಬಿ ಸಿಕ್ಕಿ, ಗಬ್ಬದ ಹಸುಗಳನ್ನೂ ಸೇರಿಸಿ ಒಂದಷ್ಟು ದನಗಳನ್ನು ಅವರ ಅಂಗಳದಲ್ಲೇ ಗುಂಡು ಹಾಕಿ ಕೊಂದರು. ಆ ಮನೆಯವರು ಅವತ್ತಿನ ಬಗ್ಗೆ ಈಗಲೂ ಮಾತಾಡುವುದಿಲ್ಲ. ಅವರ ಪಕ್ಕದ ಮನೆಯವರೋ, ಕಾಯಿಲೆ ಬಿದ್ದ ಬ್ಯಾಡ್ಜರ್‌ಗಳನ್ನು ತಂದು ಆರೈಕೆ ಮಾಡುವವರು. ಎರಡು ಮನೆಗಳ ನಡುವೆ ಮಾತು ನಿಂತು ಹೋಗಿದೆ.

ಊರಲ್ಲಿರುವವರಿಗೆ ಸ್ವಲ್ಪ ಹಿನ್ನೆಲೆ. ಬ್ಯಾಡ್ಜರ್ ಬಿಲದಲ್ಲಿ ಗುಂಪಾಗಿ ಇರುವ ಪ್ರಾಣಿ. ಮುಖದ ಮೇಲೆ ಕಪ್ಪು ಬಿಳಿ ಪಟ್ಟೆ, ಗಿಡ್ಡ ಕಾಲು. ರಾತ್ರಿ ಹೊರಗೆ ಬಂದು ಮುಖ್ಯವಾಗಿ ಎರೆಹುಳ ತಿನ್ನುತ್ತದೆ. ಎರೆಹುಳ ಜಾಸ್ತಿ ಸಿಗುವುದು ದನ ಮೇಯುವ ಹುಲ್ಲುಗಾವಲಿನಲ್ಲಿ. 1971ರಲ್ಲಿ ಗ್ಲಾಸ್ಟರ್‌ಶೈರ್‌ನಲ್ಲಿ ಸತ್ತು ಬಿದ್ದಿದ್ದ ಒಂದು ಬ್ಯಾಡ್ಜರ್‌ನಲ್ಲಿ ದನಗಳ ಟಿಬಿ ಸಿಕ್ಕಿತು. ಬ್ಯಾಡ್ಜರ್ ದನಗಳಿಗೆ ಟಿಬಿ ಹರಡುತ್ತದಾ ಅನ್ನುವ ಜಗಳ ಶುರುವಾಗಿದ್ದು ಅಲ್ಲಿಂದ. 2013ರಿಂದ ಈಚೆಗೆ 2,30,000ಕ್ಕೂ ಹೆಚ್ಚು ಬ್ಯಾಡ್ಜರ್‌ಗಳನ್ನು ಕೊಂದಿದ್ದಾರೆ. ಇನ್ನೊಂದು ಕಡೆ, ಇಂಗ್ಲೆಂಡ್ ಒಂದರಲ್ಲೇ ಟಿಬಿ ಕಾರಣಕ್ಕೆ ವರ್ಷಕ್ಕೆ 20,000 ಆಸುಪಾಸು ದನಗಳನ್ನು ಕೊಲ್ಲುತ್ತಾರೆ.

ನನಗೆ ಎರಡೂ ಕಡೆಯವರ ಸಂಕಟ ಕಾಣುತ್ತದೆ. ಆದರೆ ಕೊಂದದ್ದರಿಂದ ರೋಗ ಕಡಿಮೆ ಆಯಿತಾ ಇಲ್ಲವಾ? ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ. ಇಲ್ಲಿ ಪಶುವೈದ್ಯರು, ಲೆಕ್ಕ ಗೊತ್ತಿರುವವರು ಇದ್ದೀರಿ ಅಂತ ಕೇಳುತ್ತಿದ್ದೇನೆ.

ಹಟ್ಟಿವೈದ್ಯ

ಸುಧಾ ಮೇಡಂ, ನಾನು ಸೋಮರ್ಸೆಟ್‌ನಲ್ಲಿ ದನಗಳ ಡಾಕ್ಟರ್. ಓದಿದ್ದು ಬೀದರಿನಲ್ಲಿ. ಟಿಬಿ ಪರೀಕ್ಷೆ ನಮ್ಮ ವಾರದ ಕೆಲಸ. ಬ್ಯಾಡ್ಜರ್ ಮಾತಿಗೆ ಹೋಗುವ ಮೊದಲು ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಇದು ಗೊತ್ತಿಲ್ಲದೆ ಉಳಿದದ್ದು ಅರ್ಥ ಆಗುವುದಿಲ್ಲ.

ಹಸುವನ್ನು ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸುತ್ತೇವೆ. ನಮ್ಮ ಪಶು ಆಸ್ಪತ್ರೆಗಳ ಮುಂದೆ ಟ್ರೆವಿಸ್ ಇರುತ್ತದಲ್ಲ, ಅಂಥದ್ದೇ. ಕುತ್ತಿಗೆಯ ಪಕ್ಕ ಮೇಲೊಂದು ಕೆಳಗೊಂದು ಕಡೆ ಕೂದಲು ಕತ್ತರಿಸುತ್ತೇವೆ. ಎರಡೂ ಕಡೆ ಚರ್ಮ ಮಡಚಿ ಹಿಡಿದು ಕ್ಯಾಲಿಪರ್‌ನಲ್ಲಿ ದಪ್ಪ ಅಳೆದು ಬರೆದುಕೊಳ್ಳುತ್ತೇವೆ. ಮೇಲಿನ ಜಾಗಕ್ಕೆ ಹಕ್ಕಿ ಟಿಬಿಯ ಟ್ಯೂಬರ್‌ಕ್ಯುಲಿನ್ (ರೋಗಾಣುವಿನಿಂದ ತೆಗೆದ ಪರೀಕ್ಷೆಯ ದ್ರವ), ಕೆಳಗಿನದಕ್ಕೆ ದನದ ಟಿಬಿಯ ಟ್ಯೂಬರ್‌ಕ್ಯುಲಿನ್. ಒಂದೊಂದೂ 0.1 ಮಿಲಿಲೀಟರ್, ಚರ್ಮದ ಪದರದೊಳಗೇ ಹೋಗಬೇಕು. ಬೆರಳಿಟ್ಟರೆ ಸಣ್ಣ ಗಂಟು ಸಿಗಬೇಕು. ಸಿಗಲಿಲ್ಲ ಅಂದರೆ ಸೂಜಿ ಆಳಕ್ಕೆ ಹೋಗಿದೆ ಅಂತ ಅರ್ಥ. 72 ಗಂಟೆ ಬಿಟ್ಟು ಬಂದು ಮತ್ತೆ ಅಳೆಯುತ್ತೇವೆ. ಕೆಳಗಿನ ಊತ ಮೇಲಿನದಕ್ಕಿಂತ 4 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಆ ಹಸು 'ರಿಯಾಕ್ಟರ್'. ಅದು ಬದುಕುವ ಹಾಗಿಲ್ಲ. ಇಡೀ ಹಿಂಡಿನಿಂದ ದನ ಮಾರಾಟ ಬಂದ್. ಎರಡು ಪರೀಕ್ಷೆಗಳಲ್ಲಿ, ಮಧ್ಯೆ 60 ದಿನ ಬಿಟ್ಟು, ಒಂದೂ ರಿಯಾಕ್ಟರ್ ಸಿಗದೇ ಇದ್ದರೆ ಆಗ ಬಿಡುಗಡೆ.

ಎರಡು ಜಾಗ ಯಾಕೆ ಅಂದರೆ, ಮಣ್ಣಿನಲ್ಲಿ, ಹಕ್ಕಿಗಳಲ್ಲಿ ಇದೇ ಕುಲದ ಬೇರೆ ರೋಗಾಣುಗಳಿವೆ. ಅವು ತಗುಲಿದ ಹಸುವಿಗೂ ಊತ ಬರಬಹುದು. ಹೋಲಿಸಿ ನೋಡಿದರೆ ಸುಮ್ನೆ ಸಾಯುವ ಹಸುಗಳು ತೀರಾ ಕಡಿಮೆ. ಸೋಂಕೇ ಇಲ್ಲದ 5,000 ಹಸುಗಳಲ್ಲಿ ಒಂದು ತಪ್ಪಾಗಿ ಸಿಕ್ಕಿಬೀಳಬಹುದು, ಅಷ್ಟೇ. ಆದರೆ ಇದಕ್ಕೆ ಬೇರೆ ಬೆಲೆ ತೆರಬೇಕು. ನಿಜವಾಗಿ ಸೋಂಕಿರುವ 100 ಹಸುಗಳಲ್ಲಿ ಈ ಪರೀಕ್ಷೆ ಹಿಡಿಯುವುದು ಸುಮಾರು 80. ಇನ್ನೂ ಕಡಿಮೆ ಹಿಡಿದ ಅಧ್ಯಯನಗಳೂ ಇವೆ. ಮಿಕ್ಕ ಹಸುಗಳು ಪಾಸಾಗಿ ಹಿಂಡಿನಲ್ಲೇ ಉಳಿಯುತ್ತವೆ. ಕೆಲವು ಮಾರಾಟವಾಗಿ ಬೇರೆ ಊರು ಸೇರುತ್ತವೆ.

'ನಮ್ಮ ಹಿಂಡು ಕ್ಲೀನ್ ಆಗಿತ್ತು, ಮತ್ತೆ ಟಿಬಿ ಬಂತು, ಅಂದರೆ ಬ್ಯಾಡ್ಜರ್‌ನಿಂದಲೇ' ಅಂತ ರೈತರು ಹೇಳುವುದನ್ನು ನಾನು ಕೇಳುತ್ತಲೇ ಇರುತ್ತೇನೆ. ಅವರ ನೋವು ನಿಜ. ಆದರೆ ಹಿಂಡು ಕ್ಲೀನ್ ಆಗಿತ್ತಾ ಅನ್ನುವುದೇ ಮೊದಲ ಪ್ರಶ್ನೆ.

ಕಾಡುದಾರಿ

ಡಾಕ್ಟ್ರೇ, ಇದನ್ನು ನೀವೇ ಹೇಳಿದ್ದು ಒಳ್ಳೆಯದಾಯಿತು. ನಾನು ವನ್ಯಜೀವಿ ಕಡೆಯವಳು, ಇರುವುದು ಕಾರ್ನ್‌ವಾಲ್‌ನಲ್ಲಿ. ಸುಧಾ ಅವರೇ, ಕೊಲ್ಲುವುದು 2013ರಲ್ಲಿ ಶುರುವಾಗಿದ್ದಲ್ಲ. 1975ರಿಂದ ಬಿಲಗಳೊಳಗೆ ಸಯನೈಡ್ ಅನಿಲ ಬಿಟ್ಟು ಕೊಲ್ಲುತ್ತಿದ್ದರು. ಅದು ಎಷ್ಟು ಹಿಂಸೆ ಅಂತ ಗೊತ್ತಾದ ಮೇಲೆ 1980ರ ದಶಕದ ಶುರುವಿನಲ್ಲಿ ನಿಲ್ಲಿಸಿ, ಬೋನಿನಲ್ಲಿ ಹಿಡಿದು ಗುಂಡು ಹಾರಿಸುವುದಕ್ಕೆ ಬದಲಾಯಿಸಿದರು. 1992ರ ಬ್ಯಾಡ್ಜರ್ ರಕ್ಷಣಾ ಕಾಯ್ದೆ ಪ್ರಕಾರ ಬ್ಯಾಡ್ಜರ್‌ನ ಬಿಲ ಕೆಡಿಸುವುದೂ ಅಪರಾಧ. ಅದೇ ದೇಶದಲ್ಲಿ ಲೈಸೆನ್ಸ್ ಕೊಟ್ಟು ಲಕ್ಷಗಟ್ಟಲೆ ಕೊಲ್ಲಿಸಿದರು. ಕೊಂದ ಪ್ರಾಣಿಗಳಲ್ಲಿ ಹೆಚ್ಚಿನವಕ್ಕೆ ಟಿಬಿ ಇದೆಯಾ ಅಂತ ಪರೀಕ್ಷೆ ಸಹ ಮಾಡಲಿಲ್ಲ. ನನಗೆ ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ.

ಅಂಕಿಮನೆ

ಸುಧಾ ಅವರ ಪ್ರಶ್ನೆಗೆ ಬರುತ್ತೇನೆ. ರೋಗಗಳ ಹರಡುವಿಕೆಯ ಲೆಕ್ಕಾಚಾರ ನನ್ನ ಕೆಲಸ. ಬ್ಯಾಡ್ಜರ್ ನನ್ನ ವಿಷಯ ಅಲ್ಲದಿದ್ದರೂ ಈ ಪ್ರಯೋಗವನ್ನು ನಮ್ಮ ಕ್ಷೇತ್ರದವರು ಎಲ್ಲರೂ ಓದಿರುತ್ತಾರೆ.

ಪ್ರಾಣಿಶಾಸ್ತ್ರಜ್ಞ ಜಾನ್ ಕ್ರೆಬ್ಸ್ 1997ರಲ್ಲಿ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಕೊಂದರೆ ಉಪಯೋಗ ಇದೆಯೋ ಇಲ್ಲವೋ ಅಂತ ಹೇಳಲು ಸರಿಯಾದ ಪುರಾವೆ ಇಲ್ಲ, ಪ್ರಯೋಗ ಮಾಡಿ ನೋಡಿ ಅಂದರು. 1998ರಿಂದ 2005ರವರೆಗೆ ಅದು ನಡೆಯಿತು. ತಲಾ ಸುಮಾರು 100 ಚದರ ಕಿಲೋಮೀಟರಿನ 30 ಪ್ರದೇಶಗಳು, ಮೂರು ಮೂರರ 10 ಗುಂಪು. ಪ್ರತಿ ಗುಂಪಿನಲ್ಲಿ ಒಂದು ಕಡೆ ಪ್ರತಿ ವರ್ಷ ಆದಷ್ಟು ಬ್ಯಾಡ್ಜರ್ ಕೊಲ್ಲುವುದು. ಇನ್ನೊಂದು ಕಡೆ ಟಿಬಿ ಬಂದ ಫಾರ್ಮಿನ ಸುತ್ತ ಮಾತ್ರ ಕೊಲ್ಲುವುದು. ಮೂರನೆಯ ಕಡೆ ಏನೂ ಮಾಡದೆ ನೋಡುವುದು. ಯಾವ ಪ್ರದೇಶಕ್ಕೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡಿದರು. ಒಟ್ಟು ಸುಮಾರು 11,000 ಬ್ಯಾಡ್ಜರ್ ಸತ್ತವು.

ಎರಡನೆಯ ವಿಧಾನವನ್ನು 2003ರ ನವೆಂಬರಿನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ದನಗಳಲ್ಲಿ ಟಿಬಿ ಕಡಿಮೆಯಾಗುವ ಬದಲು ಶೇ. 20ಕ್ಕಿಂತ ಜಾಸ್ತಿ ಏರಿತ್ತು. ಆದರೆ ರೈತರ ಬೇಡಿಕೆ ಹೆಚ್ಚಾಗಿ ಇದೇ ಅಲ್ವಾ? 'ನನ್ನ ಜಮೀನಿನ ಬ್ಯಾಡ್ಜರ್ ತೆಗೆಯಿರಿ' ಅಂತ.

ಮೊದಲ ವಿಧಾನದಲ್ಲಿ ಬಂದದ್ದು ಇನ್ನೂ ವಿಚಿತ್ರ. ಕೊಂದ ಪ್ರದೇಶದ ಒಳಗೆ ದನಗಳ ಟಿಬಿ ಶೇ. 23ರಷ್ಟು ಇಳಿಯಿತು. ಗಡಿಯಿಂದ ಹೊರಗೆ 2 ಕಿಲೋಮೀಟರ್‌ವರೆಗೆ ಶೇ. 25ರಷ್ಟು ಏರಿತು. ಬ್ಯಾಡ್ಜರ್ ಗುಂಪುಗಳಿಗೆ ಅವುಗಳದೇ ಸರಹದ್ದು ಇರುತ್ತದೆ. ಮಲ ಹಾಕುವ ಗುಂಡಿಗಳನ್ನು ಆ ಗಡಿಯಲ್ಲಿ ಮಾಡಿಕೊಂಡು, ಒಂದು ಗುಂಪು ಇನ್ನೊಂದರ ಜಾಗಕ್ಕೆ ಸಾಮಾನ್ಯವಾಗಿ ಹೋಗುವುದಿಲ್ಲ. ಅರ್ಧ ಗುಂಪು ಸತ್ತರೆ ಆ ಗಡಿ ಅಳಿಸಿ ಹೋಗುತ್ತದೆ. ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಉಳಿದವು ದಿಕ್ಕಾಪಾಲಾಗಿ ಓಡಾಡುತ್ತವೆ, ರೋಗವನ್ನೂ ಜೊತೆಗೆ ಒಯ್ಯುತ್ತವೆ. ಉಳಿದ ಬ್ಯಾಡ್ಜರ್‌ಗಳಲ್ಲಿ ಸೋಂಕಿನ ಪ್ರಮಾಣವೂ ಏರಿದ್ದನ್ನು ಕಂಡರು.

ಈ ಪ್ರಯೋಗ ನೋಡಿಕೊಂಡ ಜಾನ್ ಬೋರ್ನ್ ಅವರ ತಂಡ 2007ರಲ್ಲಿ ಕೊಟ್ಟ ಅಂತಿಮ ವರದಿ, ಬ್ರಿಟನ್ನಿನಲ್ಲಿ ದನಗಳ ಟಿಬಿ ಹತೋಟಿಗೆ ಬ್ಯಾಡ್ಜರ್ ಕೊಲ್ಲುವುದರಿಂದ ಹೇಳಿಕೊಳ್ಳುವಂಥ ಉಪಯೋಗ ಆಗದು ಅಂತ ತೀರ್ಮಾನಿಸಿತು. ಅದೇ ವರ್ಷ ಸರ್ಕಾರದ ಮುಖ್ಯ ವಿಜ್ಞಾನ ಸಲಹೆಗಾರ ಡೇವಿಡ್ ಕಿಂಗ್ ಅದೇ ಅಂಕಿಗಳನ್ನು ನೋಡಿ, ಆಗುತ್ತದೆ ಅಂದರು! ಜನರಿಗೆ ನಂಬಿಕೆ ಹೋಗಿದ್ದು ಇಲ್ಲಿಯೇ ಅಂತ ನನಗೆ ಅನಿಸುತ್ತದೆ.

ಆಮೇಲೆ ಇನ್ನೊಂದು ತಿರುವು. ಕೊಲ್ಲುವುದು ನಿಂತ ಮೇಲೂ ಒಳಗಿನ ಇಳಿಕೆ ಕೆಲವು ವರ್ಷ ಉಳಿಯಿತು. ಹೊರಗಿನ ಏರಿಕೆ ಕರಗಿತು. ಎಲ್ಲ ಸೇರಿಸಿ, 150 ಚದರ ಕಿಲೋಮೀಟರ್ ಪ್ರದೇಶದಲ್ಲಿ ಸುಮಾರು 9 ವರ್ಷದಲ್ಲಿ ದನಗಳ ಟಿಬಿ ಶೇ. 12ರಿಂದ 16ರಷ್ಟು ಇಳಿಯಬಹುದು ಅಂತ 2011ರಲ್ಲಿ ಅಂದಾಜು ಮಾಡಿದರು. 2013ರಲ್ಲಿ ಸೋಮರ್ಸೆಟ್, ಗ್ಲಾಸ್ಟರ್‌ಶೈರ್‌ನಲ್ಲಿ ಶುರುವಾದ ಬೇಟೆಗೆ ಆಧಾರ ಇದು.

ಬೆಟ್ಟದಹೂ

ಅಂಕಿಮನೆ ಸರ್, 2013ರ ನಂತರದ ಫಲಿತಾಂಶ? ಭಾರಿ ಇಳಿಯಿತು ಅಂತ ಪತ್ರಿಕೆಗಳಲ್ಲಿ ಓದಿದ ನೆನಪು.

ಅಂಕಿಮನೆ

ಹೌದು, ಇಳಿಯಿತು. 2019ರಲ್ಲಿ ಬಂದ ಒಂದು ವಿಶ್ಲೇಷಣೆ ಪ್ರಕಾರ ಮೊದಲ ನಾಲ್ಕು ವರ್ಷದಲ್ಲಿ ಗ್ಲಾಸ್ಟರ್‌ಶೈರ್‌ನಲ್ಲಿ ಶೇ. 66, ಸೋಮರ್ಸೆಟ್‌ನಲ್ಲಿ ಶೇ. 37. 2024ರಲ್ಲಿ ಬಂದ ದೊಡ್ಡ ವಿಶ್ಲೇಷಣೆ 52 ಪ್ರದೇಶ ಸೇರಿಸಿ ನೋಡಿ, ನಾಲ್ಕನೇ ವರ್ಷದ ಹೊತ್ತಿಗೆ ಶೇ. 56 ಅಂದಿತು.

ಆದರೆ ಇವು ಪ್ರಯೋಗಗಳಲ್ಲ. ಅದೇ ವರ್ಷಗಳಲ್ಲಿ ದನಗಳ ಪರೀಕ್ಷೆಯೂ ಬಿಗಿಯಾಯಿತು. ರಕ್ತ ಪರೀಕ್ಷೆ ಜಾಸ್ತಿ ಆಯಿತು, ಅಪಾಯ ಹೆಚ್ಚಿರುವ ಕಡೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಬಂತು. ಇಳಿಕೆಯಲ್ಲಿ ಬ್ಯಾಡ್ಜರ್ ಪಾಲು ಎಷ್ಟು, ಪರೀಕ್ಷೆಯ ಪಾಲು ಎಷ್ಟು ಅಂತ ಬೇರ್ಪಡಿಸಲು ಆಗುವುದಿಲ್ಲ ಅಂತ 2024ರ ಲೇಖಕರೇ ಬರೆದಿದ್ದಾರೆ. 2022ರಲ್ಲಿ ಇನ್ನೊಂದು ತಂಡ, ಕೊಂದ ಕಡೆಗೂ ಕೊಲ್ಲದ ಕಡೆಗೂ ವ್ಯತ್ಯಾಸವೇ ಇಲ್ಲ ಅಂದಿತು. ಅವರ ವಿಧಾನ ಸರಿ ಇಲ್ಲ ಅಂತ ಸರ್ಕಾರದ ವಿಜ್ಞಾನಿಗಳು ಬಹಿರಂಗವಾಗಿ ತಕರಾರು ಮಾಡಿದರು. ಈಗ ಹಳೆಯ ಪ್ರಯೋಗದ ಲೆಕ್ಕವನ್ನೂ ಮರುಪರಿಶೀಲಿಸಿ ವಾದ ನಡೆಯುತ್ತಿದೆ.

ನನ್ನ ಅಭಿಪ್ರಾಯ ಕೇಳಿದರೆ: ಒಂದು ಪ್ರದೇಶದಲ್ಲಿ ಶೇ. 70ಕ್ಕಿಂತ ಜಾಸ್ತಿ ಬ್ಯಾಡ್ಜರ್ ಕೊಂದು, ವರ್ಷಗಟ್ಟಲೆ ಕೊಲ್ಲುತ್ತಲೇ ಇದ್ದರೆ ದನಗಳ ಟಿಬಿ ಒಂದಿಷ್ಟು ಇಳಿಯುತ್ತದೆ. ಎಷ್ಟು ಅಂತ ಗಟ್ಟಿಯಾಗಿ ಹೇಳುವುದು ಕಷ್ಟ. ಅದೊಂದರಿಂದಲೇ ರೋಗ ಹೋಗುವುದಿಲ್ಲ.

ಹಾಸನದ_ಹಾಲು

ಎಲ್ಲಾ ಓದ್ದೆ. ನಾನು ಚನ್ನರಾಯಪಟ್ಟಣದ ಕಡೆಯವನು, ಎಚ್‌ಎಫ್ ಹಸು ಕಟ್ಟಿದ್ದೀನಿ, ಡೈರಿಗೆ ಹಾಲು ಹಾಕ್ತೀನಿ. ಡಾಕ್ಟ್ರೇ, ನನಗೆ ಒಂದು ಅರ್ಥ ಆಗ್ತಿಲ್ಲ. ಮನುಷ್ಯರಿಗೆ ಟಿಬಿ ಬಂದರೆ ಆರು ತಿಂಗಳು ಮಾತ್ರೆ ಕೊಟ್ಟು ವಾಸಿ ಮಾಡ್ತಾರೆ. ಹಸುವಿಗೆ ಯಾಕೆ ಕೊಡಲ್ಲ? ಮಕ್ಕಳಿಗೆ ಬಿಸಿಜಿ ಹಾಕಿಸ್ತೀವಿ. ಹಸುವಿಗೆ ಯಾಕೆ ಹಾಕಲ್ಲ? ಗುಂಡು ಹೊಡೆಯೋದು ಬಿಟ್ಟು ಬೇರೆ ದಾರಿ ಕಾಣಲ್ವಾ ಅವರಿಗೆ?

ಹಟ್ಟಿವೈದ್ಯ

ಅಣ್ಣಾ, ಇಲ್ಲಿನ ಜನರೂ ಇದನ್ನೇ ಕೇಳುತ್ತಾರೆ.

ಮಾತ್ರೆ: ತಿಂಗಳುಗಟ್ಟಲೆ ಕೊಡಬೇಕು. ಹಸು ನೋಡಲು ಚೆನ್ನಾಗಾದರೂ ಒಳಗೆ ರೋಗಾಣು ಉಳಿದು ಹೊರಗೆ ಬರುತ್ತಲೇ ಇರಬಹುದು. ಆ ಔಷಧ ಹಾಲಿಗೂ ಬರುತ್ತದೆ. ಅರೆಬರೆ ಚಿಕಿತ್ಸೆ ಆದರೆ ಮದ್ದಿಗೆ ಬಗ್ಗದ ರೋಗಾಣು ಹುಟ್ಟಿ, ಅದು ಮನುಷ್ಯರಿಗೆ ಬಂದರೆ ಇನ್ನೂ ಕಷ್ಟ. ಹಾಗಾಗಿ ಚಿಕಿತ್ಸೆಗೆ ಇಲ್ಲಿ ಅವಕಾಶ ಇಲ್ಲ.

ಲಸಿಕೆ: ಬಿಸಿಜಿ ಹುಟ್ಟಿದ್ದೇ ದನದ ಟಿಬಿ ರೋಗಾಣುವಿನಿಂದ. ಅದನ್ನು ಹಸುವಿಗೆ ಹಾಕಿದರೆ ನಾನು ಮೇಲೆ ಹೇಳಿದ ಚರ್ಮದ ಪರೀಕ್ಷೆಯಲ್ಲಿ ಊತ ಬರುತ್ತದೆ. ಲಸಿಕೆ ಹಾಕಿದ ಹಸು ಯಾವುದು, ರೋಗದ ಹಸು ಯಾವುದು ಅಂತ ಗೊತ್ತಾಗದೆ ಇಡೀ ವ್ಯವಸ್ಥೆ ಕುಸಿಯುತ್ತದೆ. ಇವೆರಡನ್ನೂ ಬೇರೆ ಮಾಡಿ ತೋರಿಸುವ ಹೊಸ ಚರ್ಮದ ಪರೀಕ್ಷೆಯನ್ನು ತಯಾರಿಸಿ, 2021ರಿಂದ ಇಂಗ್ಲೆಂಡ್, ವೇಲ್ಸ್ ಫಾರ್ಮುಗಳಲ್ಲಿ ಪರೀಕ್ಷಿಸುತ್ತಿದ್ದಾರೆ. ಅದು ಗೆದ್ದರೆ ಹಸುಗಳಿಗೆ ಲಸಿಕೆ ಬರುತ್ತದೆ. ನಾನು ಎಲ್ಲಕ್ಕಿಂತ ಜಾಸ್ತಿ ಕಾಯುತ್ತಿರುವುದು ಇದಕ್ಕೇ.

ನಿಮಗೆ ಹತ್ತಿರದ ಸುದ್ದಿಯೂ ಇದೆ. ಇಥಿಯೋಪಿಯಾದಲ್ಲಿ ಮಿಶ್ರತಳಿ ಹಸುಗಳ ಮೇಲೆ ಮಾಡಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಲಸಿಕೆ ಹಾಕಿದ ಹಸುವಿಗೆ ಸೋಂಕು ತಗುಲುವುದು ಕಡಿಮೆ. ತಗುಲಿದರೂ ಅದು ಬೇರೆ ಹಸುವಿಗೆ ಹರಡುವುದು ಇನ್ನೂ ಕಡಿಮೆ. ಎರಡೂ ಸೇರಿ ರೋಗ ತಡೆಯುವ ಪ್ರಭಾವ ಶೇ. 89. ಕೊಲ್ಲುವ ದಾರಿ ಇಲ್ಲದ ನಮ್ಮಂಥ ದೇಶಗಳಿಗೆ ಇದು ದೊಡ್ಡ ವಿಷಯ. ಭಾರತದ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 2018ರಲ್ಲಿ ಹಾಕಿದ ಅಂದಾಜಿನ ಪ್ರಕಾರ ನಮ್ಮ ದನಗಳಲ್ಲಿ ಶೇ. 7.3ಕ್ಕೆ ಟಿಬಿ ಸೋಂಕು ಇರಬಹುದು. ಅಂದರೆ 2 ಕೋಟಿ 18 ಲಕ್ಷ ದನ. ಇಂಗ್ಲೆಂಡಿನಲ್ಲಿ ಅಷ್ಟು ದನಗಳೇ ಇಲ್ಲ.

ಹಾಸನದ_ಹಾಲು

ಅಯ್ಯೋ ಶಿವನೇ. ಎರಡು ಕೋಟಿ! ನಮಗೆ ಒಬ್ಬರೂ ಹೇಳಲ್ಲ ಇದನ್ನ.

ಕಾರ್ಡಿಫ್_ಕನ್ನಡಿಗ

ಕೊಲ್ಲುವ ಮಾತು ಬಂತಲ್ಲ, ವೇಲ್ಸಿನ ಶಾಂಬೋ ಕಥೆ ಇಲ್ಲಿ ಹೇಳಲೇಬೇಕು. ಕಾರ್ಮಾರ್ಥನ್‌ಶೈರ್‌ನ ಸ್ಕಂದ ವೇಲ್ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಸುಬ್ರಹ್ಮಣ್ಯನ ಗುಡಿ ಇದೆ, ಯುಕೆಯ ದಕ್ಷಿಣ ಭಾರತದವರು ಬಸ್ಸು ಮಾಡಿಕೊಂಡು ಹೋಗುತ್ತಾರೆ. ಅಲ್ಲಿ ಶಾಂಬೋ ಅಂತ ಒಂದು ಫ್ರೀಸಿಯನ್ ಹೋರಿ ಇತ್ತು. 2007ರ ಏಪ್ರಿಲ್‌ನಲ್ಲಿ ಟಿಬಿ ಪರೀಕ್ಷೆಯಲ್ಲಿ ಸಿಕ್ಕಿತು. ವೇಲ್ಸ್ ಸರ್ಕಾರ ಕೊಲ್ಲಬೇಕು ಅಂದಿತು. ಗುಡಿಯವರು, ನಾವು ಇದನ್ನು ಬೇರೆ ಇಟ್ಟು ನೋಡಿಕೊಳ್ಳುತ್ತೇವೆ, ಹಾಲಿಗೂ ಮಾಂಸಕ್ಕೂ ಹೋಗುವ ಪ್ರಾಣಿ ಅಲ್ಲ, ಜೀವ ತೆಗೆಯುವುದು ನಮ್ಮ ಧರ್ಮಕ್ಕೆ ವಿರುದ್ಧ ಅಂದರು. ಜುಲೈ 16ರಂದು ಹೈಕೋರ್ಟು ಗುಡಿಯ ಪರ ತೀರ್ಪು ಕೊಟ್ಟಿತು. ಒಂದೇ ವಾರದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಜುಲೈ 26ರಂದು ಭಕ್ತರು ಕೊಟ್ಟಿಗೆ ಸುತ್ತ ಕೂತು ಭಜನೆ ಮಾಡುತ್ತಿದ್ದಾಗ ಪೊಲೀಸರು ಅವರನ್ನು ಎಬ್ಬಿಸಿ ಹೋರಿಯನ್ನು ಒಯ್ದರು. ಕೊಂದ ಮೇಲೆ ದೇಹ ಪರೀಕ್ಷೆ ಮಾಡಿ, ಟಿಬಿಯ ಗಾಯಗಳು ಇದ್ದವು ಅಂತ ಸರ್ಕಾರ ಹೇಳಿತು.

ಪಕ್ಕದ ರೈತರ ಮಾತನ್ನೂ ಹೇಳಬೇಕು. ಪ್ರೀತಿಯಿಂದ ಸಾಕಿದ ನಮ್ಮ ಹಸುಗಳನ್ನು ಕೊಟ್ಟಿದ್ದೇವೆ, ಗುಡಿಯ ಹೋರಿಗೆ ಮಾತ್ರ ಬೇರೆ ಕಾನೂನು ಯಾಕೆ ಅಂತ ಅವರು ಕೇಳಿದರು. ಆ ಪ್ರಶ್ನೆಯಲ್ಲಿ ನ್ಯಾಯ ಇದೆ. ಆದರೂ ಕೊರಳಿಗೆ ಹೂವಿನ ಹಾರ ಹಾಕಿಕೊಂಡು ನಿಂತ ಆ ಹೋರಿಯ ಚಿತ್ರ ನೋಡಿದರೆ ನನಗೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ.

ಬೆಟ್ಟದಹೂ

ಒಂದು ಪ್ರಶ್ನೆ. ನ್ಯೂಜಿಲೆಂಡಿನಲ್ಲಿ ಪಾಸಮ್ ಅನ್ನುವ, ಟಿಬಿ ಹರಡುವ ಕಾಡುಪ್ರಾಣಿಯನ್ನು ಕೊಂದು ದನಗಳ ಟಿಬಿಯನ್ನು ಬಹುತೇಕ ಮುಗಿಸಿದರಲ್ಲ? 1990ರ ದಶಕದ ಮಧ್ಯದಲ್ಲಿ 1,700ರಷ್ಟು ಹಿಂಡುಗಳಲ್ಲಿ ಟಿಬಿ ಇತ್ತು, ಈಗ ಹುಡುಕಿದರೂ ನೂರು ಸಿಗುವುದಿಲ್ಲ. ಇಂಗ್ಲೆಂಡಿನವರಿಗೆ ಮನಸ್ಸಿಲ್ಲ ಅಂತ ಯಾಕೆ ಹೇಳಬಾರದು?

ಕಾಡುದಾರಿ

ಪಾಸಮ್ ಅಲ್ಲಿಯದಲ್ಲ. ಆಸ್ಟ್ರೇಲಿಯಾದಿಂದ ತಂದು ಬಿಟ್ಟ ಪ್ರಾಣಿ, ಅಲ್ಲಿನ ಕಾಡನ್ನೂ ಹಕ್ಕಿಗಳನ್ನೂ ತಿಂದು ಹಾಳು ಮಾಡುತ್ತಿದೆ. ಅದು ಹೋದರೆ ಆ ಕಾಡಿಗೆ ಒಳ್ಳೆಯದು. ಬ್ಯಾಡ್ಜರ್ ಈ ನೆಲದ್ದೇ. ಅಲ್ಲಿ ಹೆಲಿಕಾಪ್ಟರಿನಿಂದ ವಿಷದ ಆಹಾರ ಚೆಲ್ಲುತ್ತಾರೆ. ಇಲ್ಲಿನ ಹಳ್ಳಿಗಳ ಮಧ್ಯೆ ಅದನ್ನು ಮಾಡುವ ಹಾಗಿಲ್ಲ, ಮಾಡಲೂ ಬಾರದು.

ಹಟ್ಟಿವೈದ್ಯ

ಜೊತೆಗೆ ನ್ಯೂಜಿಲೆಂಡ್ ದನ ಸಾಗಣೆಯನ್ನೂ ಬಿಗಿಯಾಗಿ ಹಿಡಿಯಿತು. ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಬ್ರಿಟನ್ನಿನ ಹಳೆಯ ಕಥೆಯೂ ಅದೇ. 1930ರ ದಶಕದಲ್ಲಿ ಇಲ್ಲಿ ಹಾಲಿನ ಹಸುಗಳಲ್ಲಿ ಶೇ. 40ಕ್ಕೆ ಟಿಬಿ ಇತ್ತು. ಹಸಿ ಹಾಲಿನಿಂದ ವರ್ಷಕ್ಕೆ ಸುಮಾರು 2,500 ಜನ ಸಾಯುತ್ತಿದ್ದರು, ಅವರಲ್ಲಿ ಮಕ್ಕಳೇ ಜಾಸ್ತಿ. ಹಾಲನ್ನು ಪಾಶ್ಚರೀಕರಿಸಿದರು. ದನಗಳನ್ನು ಪರೀಕ್ಷಿಸಿ ತೆಗೆದರು, ಹಿಂಡಿನಿಂದ ಹಿಂಡಿಗೆ ಓಡಾಟ ಹಿಡಿದರು. 1970ರ ದಶಕದ ಕೊನೆಗೆ ರೋಗ ತೀರಾ ಕಡಿಮೆಯಾಗಿತ್ತು. 2001ರಲ್ಲಿ ಕಾಲುಬಾಯಿ ಜ್ವರ ಬಂದಾಗ ಟಿಬಿ ಪರೀಕ್ಷೆ ತಿಂಗಳುಗಟ್ಟಲೆ ನಿಂತಿತು. ಆಮೇಲೆ ಖಾಲಿ ಕೊಟ್ಟಿಗೆ ತುಂಬಿಸಲು ಪರೀಕ್ಷೆ ಆಗದ ದನಗಳನ್ನು ದೇಶದ ತುಂಬಾ ಸಾಗಿಸಿದರು. ಟಿಬಿ ಇಲ್ಲದ ಜಿಲ್ಲೆಗಳಿಗೂ ಅದು ತಲುಪಿತು. ಸಾಗಿಸುವ ಮೊದಲು ಪರೀಕ್ಷೆ ಕಡ್ಡಾಯ ಆಗಿದ್ದು 2006ರಲ್ಲಿ!

ಈಗ ಬ್ಯಾಡ್ಜರ್ ಪಾಲಿನ ಅಂಕಿಗೆ ಬರುತ್ತೇನೆ. ಈ ಜಗಳದಲ್ಲಿ ಎರಡು ಕಡೆಯವರೂ ತಮಗೆ ಬೇಕಾದ ಸಂಖ್ಯೆ ಹಿಡಿದುಕೊಂಡಿದ್ದಾರೆ. 'ಶೇ. 6 ಮಾತ್ರ ಬ್ಯಾಡ್ಜರ್‌ನಿಂದ' ಅಂತ ಒಬ್ಬರು. 'ಅರ್ಧ ಬ್ಯಾಡ್ಜರ್‌ನಿಂದ' ಅಂತ ಇನ್ನೊಬ್ಬರು. ಎರಡೂ 2013ರ ಒಂದೇ ಲೇಖನದಿಂದ ಬಂದದ್ದು. ಬ್ಯಾಡ್ಜರ್‌ನಿಂದ ನೇರವಾಗಿ ಹಿಂಡಿಗೆ ಬಂದದ್ದು ಶೇ. 5.7 ಅಂತ ಅಂದಾಜು. ಆ ಹಿಂಡಿನಿಂದ ಮುಂದಿನ ಹಿಂಡಿಗೆ, ಅಲ್ಲಿಂದ ಇನ್ನೊಂದಕ್ಕೆ ದನಗಳ ಮೂಲಕವೇ ಹೋದದ್ದನ್ನೂ ಸೇರಿಸಿದರೆ ಶೇ. 52. ಆ 52ರ ಸುತ್ತ ಅನಿಶ್ಚಿತತೆ ಎಷ್ಟು ಗೊತ್ತಾ? 9ರಿಂದ 100ರವರೆಗೆ. ಇಷ್ಟು ಸಡಿಲವಾದ ಸಂಖ್ಯೆ ಹಿಡಿದು ಜನ ಅಕ್ಕಪಕ್ಕದ ಮನೆಯವರನ್ನು ದೂರ ಮಾಡಿಕೊಂಡಿದ್ದಾರೆ.

ನನಗೆ ಆ ಎರಡು ಸಂಖ್ಯೆಗಳ ನಡುವಿನ ಅಂತರ ಮುಖ್ಯ. ಬ್ಯಾಡ್ಜರ್ ಕಿಡಿ ಹೊತ್ತಿಸಿದರೂ ಅದನ್ನು ಹಬ್ಬಿಸುವುದು ಹೆಚ್ಚಾಗಿ ದನಗಳೇ. ನಡುವೆ ನಿಲ್ಲಿಸುವ ಜಾಗ ಇರುವುದು ಅಲ್ಲಿ.

ಅಂಕಿಮನೆ

ಹಟ್ಟಿವೈದ್ಯರ ಮಾತಿಗೆ ಒಂದು ಸೇರಿಸುತ್ತೇನೆ. ರೋಗಾಣುವಿನ ಜೀನೋಮ್ (ಅದರ ಪೂರ್ತಿ ಡಿಎನ್‌ಎ) ಓದಿ ಯಾರಿಂದ ಯಾರಿಗೆ ಹೋಯಿತು ಅಂತ ನೋಡುವ ಕೆಲಸ ಈಚೆಗೆ ಬಂದಿದೆ. ಗ್ಲಾಸ್ಟರ್‌ಶೈರ್‌ನ ವುಡ್‌ಚೆಸ್ಟರ್ ಪಾರ್ಕಿನಲ್ಲಿ 1970ರ ದಶಕದಿಂದ ಬ್ಯಾಡ್ಜರ್‌ಗಳನ್ನು ಗುರುತು ಹಾಕಿ ನೋಡುತ್ತಿದ್ದಾರೆ. ಅಲ್ಲಿಯ ಮಾದರಿಗಳನ್ನು 2019ರಲ್ಲಿ ವಿಶ್ಲೇಷಿಸಿದಾಗ ಬ್ಯಾಡ್ಜರ್‌ನಿಂದ ದನಕ್ಕೆ ಹೋಗುವುದು, ದನದಿಂದ ಬ್ಯಾಡ್ಜರ್‌ಗೆ ಹೋಗುವುದಕ್ಕಿಂತ ಹಲವು ಪಟ್ಟು ಜಾಸ್ತಿ ಅಂತ ಕಂಡಿತು. ಆದರೆ ಬ್ಯಾಡ್ಜರ್ ಬ್ಯಾಡ್ಜರ್ ನಡುವೆ, ದನ ದನದ ನಡುವೆ ಹರಡುವುದು ಅದಕ್ಕಿಂತ ಹೆಚ್ಚು. ಕಂಬ್ರಿಯಾದಲ್ಲಿ ಕಥೆ ಉಲ್ಟಾ. ಅಲ್ಲಿ ಸಿಕ್ಕ ತಳಿ ಉತ್ತರ ಐರ್ಲೆಂಡಿನದು. ಐರಿಷ್ ಸಮುದ್ರ ದಾಟಿ ಬ್ಯಾಡ್ಜರ್ ಬರಲಿಲ್ಲ, ದನ ಬಂತು. ಅಲ್ಲಿನ ಬ್ಯಾಡ್ಜರ್‌ಗಳಿಗೆ ರೋಗ ಕೊಟ್ಟದ್ದು ದನಗಳು.

ಕಾಡುದಾರಿ

ಅದಕ್ಕೇ ನಾವು ಬ್ಯಾಡ್ಜರ್‌ಗಳಿಗೂ ಲಸಿಕೆ ಹಾಕುತ್ತೇವೆ. ಅದನ್ನು ನೋಡದವರಿಗೆ ಹೇಳುತ್ತೇನೆ, ಯಾಕೆಂದರೆ 'ಕಾಡುಪ್ರಾಣಿಗೆ ಸೂಜಿ ಹಾಕ್ತಾರಾ' ಅಂತ ನನ್ನ ಅಮ್ಮನೇ ಕೇಳಿದ್ದರು.

ಬಿಲದ ಹತ್ತಿರ ಬೋನು ಇಟ್ಟು, ಬಾಗಿಲು ತೆರೆದು ಕಟ್ಟಿ, ಒಳಗೆ ಕಡಲೆಕಾಯಿ ಬೀಜ ಹಾಕುತ್ತೇವೆ. ಬೀಜದ ಮೇಲೆ ಒಂದು ಚಪ್ಪಡಿ ಕಲ್ಲು ಹೇರಬೇಕು, ಇಲ್ಲದಿದ್ದರೆ ಬೇರೆ ಪ್ರಾಣಿ ಬೀಜ ಖಾಲಿ ಮಾಡುತ್ತವೆ. ಕೆಲವು ದಿನ ಹೀಗೇ ತಿನ್ನಿಸಿ ಅಭ್ಯಾಸ ಮಾಡಿಸುತ್ತೇವೆ. ಆಮೇಲೆ ಒಂದು ಸಂಜೆ ಬಾಗಿಲು ಬೀಳುವ ಹಾಗೆ ಕಟ್ಟಿ, ಬೆಳಕು ಹರಿಯುವ ಹೊತ್ತಿಗೆ ಹೋಗುತ್ತೇವೆ. ಒಳಗಿದ್ದ ಬ್ಯಾಡ್ಜರ್ ಎಷ್ಟೋ ಸಲ ಬೀಜ ಮುಗಿಸಿ ನಿದ್ದೆ ಹೊಡೆಯುತ್ತಿರುತ್ತದೆ. ಬೋನಿನ ಸರಳುಗಳ ನಡುವಿನಿಂದಲೇ ಹಿಂಭಾಗದ ಮಾಂಸಖಂಡಕ್ಕೆ ಬಿಸಿಜಿ. ಮತ್ತೆ ಅದೇ ಪ್ರಾಣಿ ಸಿಕ್ಕರೆ ಗೊತ್ತಾಗಲಿ ಅಂತ ಒಂದಿಷ್ಟು ಕೂದಲು ಕತ್ತರಿಸಿ ಬಣ್ಣ ಸಿಂಪಡಿಸಿ ಬಾಗಿಲು ತೆರೆಯುತ್ತೇವೆ. ಇದಕ್ಕೆ ತರಬೇತಿ, ಲೈಸೆನ್ಸ್ ಬೇಕು. ಬ್ಯಾಡ್ಜರ್ ಬಿಸಿಜಿಗೆ ಪರವಾನಗಿ ಸಿಕ್ಕಿದ್ದು 2010ರಲ್ಲಿ.

ಮಧ್ಯ ಕಾರ್ನ್‌ವಾಲ್‌ನಲ್ಲಿ 12 ಫಾರ್ಮಿನವರು ತಾವೇ ಮುಂದೆ ಬಂದು ಇದನ್ನು ಮಾಡಿಸಿದರು. ನಾಲ್ಕು ವರ್ಷದಲ್ಲಿ 265 ಬ್ಯಾಡ್ಜರ್‌ಗಳಿಗೆ ಲಸಿಕೆ. ಶುರುವಿನಲ್ಲಿ ಶೇ. 16 ಬ್ಯಾಡ್ಜರ್‌ಗಳಲ್ಲಿ ಟಿಬಿ ಇದ್ದದ್ದು ಕೊನೆಗೆ ಸೊನ್ನೆ ಆಯಿತು. ಲಂಡನ್ನಿನ ಪ್ರಾಣಿಶಾಸ್ತ್ರ ಸಂಸ್ಥೆಯ ರೋಸಿ ವುಡ್‌ರೋಫ್ ಅವರ ತಂಡ ಇದನ್ನು ದಾಖಲಿಸಿದೆ. ಗುಂಪುಗಳು ಚೆದುರುವುದಿಲ್ಲ, ಪಕ್ಕದ ಹಿಂಡಿಗೆ ಅಪಾಯ ಇಲ್ಲ.

ಅಂಕಿಮನೆ

ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆದರೆ ಅದು 11 ಚದರ ಕಿಲೋಮೀಟರ್. ಹೋಲಿಸಲು ಲಸಿಕೆ ಹಾಕದ ಪ್ರದೇಶ ಇರಲಿಲ್ಲ. ಇದರಿಂದ ದನಗಳ ಟಿಬಿ ಇಳಿಯಿತು ಅಂತ ಇಂಗ್ಲೆಂಡಿನಲ್ಲಿ ಇನ್ನೂ ಯಾರೂ ತೋರಿಸಿಲ್ಲ. ಐರ್ಲೆಂಡ್ 2018ರಿಂದ ಕೊಲ್ಲುವ ಬದಲು ಲಸಿಕೆಗೆ ಹೋಗುತ್ತಿದೆ. ಆದರೆ ಅಲ್ಲಿ ಈಚೆಗೆ ದನಗಳ ಟಿಬಿ ಏರಿದೆ, ಬೇರೆ ಕಾರಣಗಳೂ ಇರಬಹುದು. ರೈತರು ಹಿಂಜರಿದರೆ ಅವರನ್ನು ದೂರುವ ಹಾಗಿಲ್ಲ.

ಕಾಡುದಾರಿ

ದೂರುತ್ತಿಲ್ಲ. ಆ 12 ಫಾರ್ಮಿನವರೂ ರೈತರೇ. ಬೆಳಗಿನ ಜಾವ ನಮ್ಮ ಜೊತೆ ಬೋನು ನೋಡಲು ಬರುವ ರೈತರಿದ್ದಾರೆ. ಕೊಲ್ಲಲು ಕೊಟ್ಟಷ್ಟು ದುಡ್ಡು, ವರ್ಷ, ಪ್ರದೇಶ ಲಸಿಕೆಗೂ ಕೊಡಿ, ಆಮೇಲೆ ಲೆಕ್ಕ ನೋಡಿ ಅಂತ ನಾನು ಕೇಳುತ್ತಿರುವುದು.

ಸುಧಾ_ಡೆವನ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಟ್ಟಿವೈದ್ಯ ಸರ್, ಕೊನೆಯದಾಗಿ ಒಂದು. ನಾವು ಹಾಲು ತರುವ ಮನೆಯವರು ಈಗ ನಿರ್ಬಂಧದಲ್ಲಿದ್ದಾರೆ. ಅವರ ಕೈಯಲ್ಲಿ ಏನಿದೆ? ಸರ್ಕಾರ ಏನು ಮಾಡುತ್ತೋ ಅಂತ ಕಾಯುವುದೊಂದೇನಾ?

ಹಟ್ಟಿವೈದ್ಯ

ಸಾಕಷ್ಟಿದೆ ಮೇಡಂ. ಜಿಪಿಎಸ್ ಪಟ್ಟಿ ಕಟ್ಟಿ ನೋಡಿದ ಅಧ್ಯಯನ ಕಾರ್ನ್‌ವಾಲ್‌ನಲ್ಲೇ ಆಗಿದೆ. ಬ್ಯಾಡ್ಜರ್‌ಗಳು ದನ ಮೇಯುವ ಹುಲ್ಲುಗಾವಲಿಗೆ ಬರುತ್ತವೆ, ಆದರೆ ದನಗಳ ಹತ್ತಿರ ಹೋಗುವುದಿಲ್ಲ. ಹಾಗಾಗಿ ರೋಗ ಹೆಚ್ಚಾಗಿ ಮೂತ್ರ, ಮಲ, ಮೇವು, ನೀರಿನ ಮೂಲಕ ಹೋಗುತ್ತದೆ ಅಂತ ತಿಳಿಯಬೇಕು. ಮೇವಿನ ಕೋಣೆಯ ಬಾಗಿಲಿನ ಕೆಳಗೆ ಸಂದಿ ಬಿಡಬಾರದು. ರಾತ್ರಿ ಕ್ಯಾಮೆರಾ ಇಟ್ಟು ನೋಡಲಿ, ಜೋಳದ ಹಿಟ್ಟು ಇದ್ದ ಕಡೆ ಬ್ಯಾಡ್ಜರ್ ಬಂದೇ ಬರುತ್ತದೆ. ನೀರಿನ ತೊಟ್ಟಿ ಎತ್ತರಕ್ಕೆ ಇಡಲಿ. ಬ್ಯಾಡ್ಜರ್ ಮಲದ ಗುಂಡಿಗಳಿರುವ ಮೂಲೆಗೆ ಬೇಲಿ ಹಾಕಲಿ.

ಇದಕ್ಕಿಂತ ಮುಖ್ಯ, ಚರ್ಮದ ಪರೀಕ್ಷೆಯ ಜೊತೆ ಗಾಮಾ ರಕ್ತ ಪರೀಕ್ಷೆ ಮಾಡಿಸಲಿ. ಅದು ಇನ್ನೊಂದಿಷ್ಟು ಹಸುಗಳನ್ನು ಹಿಡಿಯುತ್ತದೆ. ಆ ದಿನ ಎದೆ ಒಡೆಯುತ್ತದೆ, ಗೊತ್ತು. ಆದರೆ ಅಡಗಿದ ಒಂದು ಹಸು ಉಳಿದರೆ ಮುಂದಿನ ವರ್ಷ ಮತ್ತೆ ಅದೇ ಗೋಳು. ಹೊಸ ದನ ತರುವಾಗ ಆ ಮನೆಗೆ ಈಚಿನ ವರ್ಷಗಳಲ್ಲಿ ಟಿಬಿ ಬಂದಿತ್ತಾ ಅಂತ ಐಬಿಟಿಬಿ ನಕ್ಷೆಯಲ್ಲಿ ನೋಡಬಹುದು, ಟಿಬಿ ಬಂದ ಹಿಂಡುಗಳನ್ನು ತೋರಿಸುವ, ಯಾರು ಬೇಕಾದರೂ ತೆರೆಯಬಹುದಾದ ಆನ್‌ಲೈನ್ ನಕ್ಷೆ. ರಿಯಾಕ್ಟರ್ ಹಸುವಿನ ಹಾಲನ್ನು ಕರುಗಳಿಗೆ ಕುಡಿಸಬಾರದು. ಸ್ಲರಿಯನ್ನು (ಸಗಣಿ ಗಂಜಲ ಕಲೆತ ಗೊಬ್ಬರ) ತಿಂಗಳುಗಟ್ಟಲೆ ಕೂಡಿಟ್ಟು ಆಮೇಲೆ ಹೊಲಕ್ಕೆ ಹಾಕಲಿ. ನೀವು ತರುವ ಹಾಲು ಪಾಶ್ಚರೀಕರಿಸಿದ್ದಾ? ಇಲ್ಲ ಅಂದರೆ ದಯವಿಟ್ಟು ನಿಲ್ಲಿಸಿ.

ಸುಧಾ_ಡೆವನ್

ಪಾಶ್ಚರೀಕರಿಸಿದ್ದೇ ಸರ್. ರಕ್ತ ಪರೀಕ್ಷೆ ವಿಷಯ ಅವರಿಗೆ ಇವತ್ತೇ ಹೇಳುತ್ತೇನೆ.

ಹಾಸನದ_ಹಾಲು

ಡಾಕ್ಟ್ರೇ, ನಮ್ಮ ಕಡೆಗೂ ಎರಡು ಮಾತು ಹೇಳಿಬಿಡಿ.

ಹಟ್ಟಿವೈದ್ಯ

ಅಣ್ಣಾ, ಸಂತೆಯಿಂದಲೋ ಹೊರ ರಾಜ್ಯದಿಂದಲೋ ಹಸು ತಂದರೆ ನೇರ ಕೊಟ್ಟಿಗೆಗೆ ಕಟ್ಟಬೇಡಿ. ಒಂದಿಷ್ಟು ದಿನ ಬೇರೆ ಕಟ್ಟಿ, ಅದರ ನೀರಿನ ಬಕೆಟ್ಟೂ ಬೇರೆ ಇರಲಿ. ಟ್ಯೂಬರ್‌ಕ್ಯುಲಿನ್ ಪರೀಕ್ಷೆ ಮಾಡಿಸಬಹುದಾ ಅಂತ ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿ. ಹಸು ಸೊರಗುತ್ತಾ, ಕೆಮ್ಮು ಬಿಡದೆ ಇದ್ದರೆ ಅದರ ಪಕ್ಕದ ಹಸುಗಳ ಮೇಲೂ ಕಣ್ಣಿಡಿ. ಮನೆಯಲ್ಲಿ ಯಾರಿಗಾದರೂ ಟಿಬಿ ಬಂದು ಮಾತ್ರೆ ತಗೋತಿದ್ದರೆ ಕೊಟ್ಟಿಗೆ ಕೆಲಸದಿಂದ ದೂರ ಇರಲಿ, ಮನುಷ್ಯರ ಟಿಬಿಯೂ ದನಕ್ಕೆ ತಗುಲಬಹುದು. ಮತ್ತೆ ಕರೆದ ತಕ್ಷಣ ನೊರೆಹಾಲು ಕುಡಿಯುವ ಅಭ್ಯಾಸ ಮಕ್ಕಳಿಗೆ ಇದ್ದರೆ ಬಿಡಿಸಿ. ಹಾಲು ಉಕ್ಕಿ ಬರುವಷ್ಟು ಕಾಯಿಸಿದರೆ ಸಾಕು, ಈ ರೋಗಾಣು ಸಾಯುತ್ತದೆ.